ಪೀತಮ್‌ಪುರದ ಕಂಪ್ಯೂಟರಿನಲ್ಲಿ ಪಾವಗಡ

ದೆಹಲಿಗೆ ಬಂದ ಮೊದಲ ತಿಂಗಳು ನನ್ನ ಕೋಣೆಗೆ ನಾನೇ ಅತಿಥಿಯಾಗಿ ಸಹಿ ಹಾಕಿ ಒಳಗೆ ಹೋಗುತ್ತಿದ್ದೆ. ಮಯೂರ್ ವಿಹಾರದ ನಮ್ಮ ಪಾಕೆಟ್ಟಿನ ಗೇಟಿನಲ್ಲಿ ಒಂದು ದಪ್ಪ ರಿಜಿಸ್ಟರ್ ಇತ್ತು. ಸರಕಾರ ಕಟ್ಟಿಸಿದ ಫ್ಲ್ಯಾಟುಗಳ ಒಂದೊಂದು ಗುಂಪಿಗೆ ಇಲ್ಲಿ ಪಾಕೆಟ್ ಎನ್ನುತ್ತಾರೆ. ರಿಜಿಸ್ಟರಿನಲ್ಲಿ ಹೆಸರು, ಎಲ್ಲಿಂದ ಬಂದದ್ದು, ಯಾರನ್ನು ನೋಡಬೇಕು, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು. ಬಾಡಿಗೆದಾರರ ಪೊಲೀಸ್ ತಪಾಸಣೆ ಮುಗಿಯುವವರೆಗೆ ನಾನು ಅಲ್ಲಿ ವಾಸಿಸುವವಳಲ್ಲ ಎಂದು ಕಾವಲುಗಾರ ತೀರ್ಮಾನಿಸಿದ್ದ. ಸಂಜೆ ಕೆಲಸದಿಂದ ಬಂದರೆ, “ಕಿಸ್‌ಕೇ ಯಹಾಂ?” ಯಾರ ಮನೆಗೆ? ನನ್ನ ಮನೆಗೇ ಎಂದರೆ ಅವನು ಪೆನ್ನು ಚಾಚುತ್ತಿದ್ದ. ‘ಯಾರನ್ನು ನೋಡಬೇಕು’ ಎಂಬ ಅಂಕಣದಲ್ಲಿ ನನ್ನ ಹೆಸರನ್ನೇ ಬರೆಯುತ್ತಿದ್ದೆ. ರೇಣುಕಾ ರೇಣುಕಾಳನ್ನು ನೋಡಲು ಬಂದಿದ್ದಾಳೆ. ಹೊರಗೆ ಹೋದ ಹೊತ್ತು ಮರುದಿನ ಬೆಳಿಗ್ಗೆ ತುಂಬುತ್ತಿತ್ತು.

ಒಂದು ತಿಂಗಳು ಎಂದೆ. ಎರಡೂವರೆ ವಾರವಿರಬಹುದು. ಅವಮಾನಗಳನ್ನು ನೆನೆಯುವಾಗ ನಾನು ಅವುಗಳ ಅವಧಿಯನ್ನು ಹಿಗ್ಗಿಸುತ್ತೇನೆ. ಈ ಬರಹದಲ್ಲಿ ಅಂಥದ್ದು ಮತ್ತೂ ಬರಬಹುದು. ಗೊತ್ತಾದ ಕಡೆ ಹೇಳುತ್ತ ಹೋಗುತ್ತೇನೆ.

ನನ್ನದು ಬರ್‌ಸಾತಿ. ಅಂದರೆ ಮನೆಯ ತಾರಸಿಯ ಮೇಲೆ ಕಟ್ಟಿದ ಒಂಟಿ ಕೋಣೆ. ಜೂನಿನಲ್ಲಿ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತಿತ್ತು. ಜನವರಿಯಲ್ಲಿ ಅದೇ ನಲ್ಲಿಯ ನೀರಿಗೆ ಬೆರಳು ಮರಗಟ್ಟುತ್ತಿದ್ದವು. ನಮ್ಮೂರು ರಾಣೆಬೆನ್ನೂರಿನಲ್ಲೂ ಬಿಸಿಲು ಕಡಿಮೆಯೇನಲ್ಲ. ಆದರೆ ಅಲ್ಲಿ ಬಿಸಿಲಿಗೆ ಸಂಜೆ ಎಂಬುದೊಂದಿತ್ತು. ಇಲ್ಲಿ ಹೊತ್ತು ಮುಳುಗಿದ ಮೇಲೆ ಗೋಡೆಗಳು ಅದರ ಕೆಲಸ ಮುಂದುವರಿಸುತ್ತವೆ. ಜೋಳದ ಹಿಟ್ಟು ಹುಡುಕಿಕೊಂಡು ಮಾರುಕಟ್ಟೆಗೆ ಹೋದೆ. ಅಂಗಡಿಯ ಭಯ್ಯಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಶುಗರ್ ಹೈ ಕ್ಯಾ? ಇತ್‌ನೀ ಕಮ್ ಉಮರ್ ಮೇಂ?” ಇಷ್ಟು ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆಯೇ ಎಂದು ಮರುಗಿ, ಔಷಧಿಯಂತೆ ಪೊಟ್ಟಣ ಕಟ್ಟಿದ ಅರ್ಧ ಕಿಲೋ ತೆಗೆದುಕೊಟ್ಟ. ನಮ್ಮ ಕಡೆ ದುಡಿಯುವವರು ತಿನ್ನುವುದನ್ನು ಇಲ್ಲಿ ಕಾಯಿಲೆಯವರು ತಿನ್ನುತ್ತಾರೆ. ಯಾರಿಗೆ ಏನು ಹೇಳಿಕೊಂಡರೂ ಒಂದೇ ಉತ್ತರ: “ಆದತ್ ಹೋ ಜಾಯೇಗೀ.” ಅಭ್ಯಾಸವಾಗುತ್ತದೆ. ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಒಂದೇ ವರ್ಷದಲ್ಲಿ ಅದನ್ನು ನಾನು ಬೇರೆಯವರಿಗೆ ಹೇಳತೊಡಗಿದ್ದೆ.

ನನಗೆ ಕೆಲಸವಿದ್ದದ್ದು ಒಂದು ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಗುತ್ತಿಗೆಯ ಮೇಲೆ. ಅಲ್ಲಿನ ಕಂಪ್ಯೂಟರುಗಳೆಲ್ಲ ಲಿನಕ್ಸ್‌ನಲ್ಲಿ ನಡೆಯುತ್ತಿದ್ದವು. ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆಗಳಲ್ಲಿ ಅದೂ ಒಂದು. ಮನೆಮನೆಯಲ್ಲಿರುವ ವಿಂಡೋಸ್‌ನಂತಲ್ಲ, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು. ಮೊದಲ ದಿನ ಒಂದು ವಸ್ತುವೂ ಇರಬೇಕಾದಲ್ಲಿ ಇರಲಿಲ್ಲ. ಮೂರನೆಯ ತಿಂಗಳಿಗೆ ಅದು ನನಗೆ ಈ ನಗರಕ್ಕಿಂತ ಪರಿಚಿತವಾಗಿತ್ತು. ಅದಕ್ಕೆ ದೊಡ್ಡ ತತ್ತ್ವವೇನೂ ಕಾರಣವಲ್ಲ. ಇಡೀ ದೆಹಲಿಯಲ್ಲಿ ಯಾರ ಮನೆಗೆ ಎಂದು ಕೇಳದೆ ನನ್ನನ್ನು ಒಳಗೆ ಬಿಟ್ಟದ್ದು ಅದೊಂದೇ. ಹಾಗಾಗಿ ಸಿಕ್ಕಸಿಕ್ಕವರನ್ನು ಅಲ್ಲಿಗೆ ಕರೆದೊಯ್ಯಲು ಹೊರಟೆ. ಹೊಸದಾಗಿ ಮತಾಂತರವಾದವರ ಉತ್ಸಾಹ ಎಂಥದ್ದೆಂದು ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಗೊತ್ತಿರುತ್ತದೆ.

ಮೊದಲು ಸಿಕ್ಕಿದವಳು ಅಕ್ಕ. ಹಬ್ಬಕ್ಕೆ ಊರಿಗೆ ಹೋದಾಗ ಅವಳ ಲ್ಯಾಪ್‌ಟಾಪಿಗೆ ಹಾಕಿ ಬಂದೆ. ಮರುವಾರ ಫೋನು.

“ಏನ್ ಹಾಕಿ ಹೋದೆವಾ ಇದಕ್ಕ? ಸ್ಟಾರ್ಟ್ ಅನ್ನೋದ ಕಾಣವಲ್ತು.”

“ಕೆಳಗ ಎಡಕ್ಕ ನೋಡ, ಚುಕ್ಕಿ ಚುಕ್ಕಿ ಐತಲ್ಲ.”

“ಚುಕ್ಕಿ ಅಂತ ಚುಕ್ಕಿ! ರಂಗೋಲಿ ಹಾಕಾಕ ಕುಂತೇನೇನ ನಾ? ಚುಕ್ಕಿ ಇಲ್ಲಿ, ಕಲಿಸಾಕಿ ದಿಲ್ಲ್ಯಾಗ.”

“ರೂಢಿ ಆಗ್ತೇತಿ ಬಿಡಕ್ಕಾ.”

ರೂಢಿಯಾಗಲಿಲ್ಲ. ಅವಳು ಯಾರನ್ನೋ ಕರೆಸಿ ಮೊದಲಿನದನ್ನೇ ಹಾಕಿಸಿಕೊಂಡಳು, ನನಗೆ ನೋವಾಗಬಾರದೆಂದು ಒಂದು ವರ್ಷ ಹೇಳಲಿಲ್ಲ. ಅಷ್ಟು ದಿನವೂ ನಾನು ಫೋನಿನಲ್ಲಿ ಕೇಳಿದಾಗಲೆಲ್ಲ “ಛಲೋ ಐತಿ” ಎನ್ನುತ್ತಿದ್ದಳು. ಓದುಗರಿಗೆ ಇದು ನಗುವಿನ ಪ್ರಸಂಗ. ನಾನೂ ಹಾಗೆಂದೇ ಹೇಳಿಕೊಂಡು ತಿರುಗಿದ್ದೆ. ನಮ್ಮ ಜನ ಮರ್ಯಾದೆಗಾಗಿ ಹೊಗಳುತ್ತಾರೆ ಎಂಬ ಪಾಠ ಅಲ್ಲಿತ್ತು. ಕಲಿಯಲಿಲ್ಲ.

ತಿಂಗಳಿಗೊಮ್ಮೆ ಭಾನುವಾರ ನಮ್ಮ ಪಾಕೆಟ್ಟಿನ ಒಬ್ಬರ ಮನೆಯಲ್ಲಿ ಏಳೆಂಟು ಕನ್ನಡ ಕುಟುಂಬಗಳು ಸೇರುತ್ತಿದ್ದವು. ಬಿಸಿಬೇಳೆಬಾತು, ಊರಿನ ಸುದ್ದಿ, ಮಕ್ಕಳ ಹಿಂದಿ. ನಾನು ಅಲ್ಲೂ ಸುರುಮಾಡಿದೆ. ಸಚಿವಾಲಯವೊಂದರ ಗುಮಾಸ್ತರು ಕೇಳಿದರು:

“ಇದು ಯಾವ ಕಂಪನೀದು?”

“ಯಾವ ಕಂಪನೀದೂ ಅಲ್ಲ ಸರ್. ಎಲ್ಲರೂ ಸೇರಿ ಮಾಡಿದ್ದು.”

“ಅಚ್ಛಾ. ಎಲ್ಲರೂ ಸೇರಿ ಮಾಡಿದ್ದು ಅಂದ್ರೆ ಯಾರೂ ಜವಾಬ್ದಾರರಲ್ಲ. ನಮ್ಮ ಆಫೀಸಿನ ಹಾಗೇ. ಕೆಟ್ರೆ ಯಾರ ಕಾಲರ್ ಹಿಡೀಬೇಕು?”

“ನನ್ನದು ಹಿಡೀರಿ.”

ಎಲ್ಲರೂ ನಕ್ಕರು. ನಗದೆ ಹತ್ತಿರ ಬಂದು ಕುಳಿತವರು ಪದ್ಮಮ್ಮ. ದೆಹಲಿಯ ಇನ್ನೊಂದು ತುದಿಯ ಪೀತಮ್‌ಪುರದಿಂದ ಅಷ್ಟು ದೂರ ಬಂದಿದ್ದರು. ಕೈಯಲ್ಲಿದ್ದ ಕರವಸ್ತ್ರವನ್ನು ಮಡಿಸುತ್ತ ಹೇಳಿದರು: “ನಮ್ಮ ಮನೆಯವರ ಕಂಪ್ಯೂಟರ್ ಒಂದು ನೋಡ್ತೀಯಾಮ್ಮ? ಅದೇನೋ ಕೆಂಪಗೆ ಬಂದು, ನಿಮಗೆ ಅಪಾಯ ಇದೆ, ಈ ನಂಬರಿಗೆ ಫೋನ್ ಮಾಡಿ ಅನ್ನುತ್ತೆ. ಅವರು ಹೆದರ್ತಾರೆ. ಮೊನ್ನೆ ಮಾಡೇಬಿಟ್ಟಿದ್ರು, ನಾನು ಕಿತ್ಕೊಂಡೆ. ಕಂಪ್ಯೂಟರೇ ತೆಗೆಸಿಬಿಡೋಣ ಅಂದ್ರೆ ಆಗಲ್ಲ. ಅವರು ಬರೀಬೇಕು. ಡಾಕ್ಟ್ರು ಹೇಳಿದಾರೆ, ಬರೆಯೋದು ನಿಂತ್ರೆ ಅವರು ಬೇಗ ಹೋಗ್ತಾರೆ ಅಂತ. ಹೋಗ್ತಾರೆ ಅಂದ್ರೆ, ಇದ್ದೂ ಹೋಗೋದು.”

ಪದ್ಮಮ್ಮನ ಗಂಡ ಮೂರ್ತಿಗಳಿಗೆ ಮರೆವಿನ ಕಾಯಿಲೆ ಸುರುವಾಗಿ ಎರಡು ವರ್ಷವಾಗಿತ್ತು. ಕೇಂದ್ರ ಸರಕಾರದಲ್ಲಿ ಅಧೀನ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಹುಟ್ಟಿದ್ದು ಪಾವಗಡ, ಬದುಕಿನ ಮುಕ್ಕಾಲು ದೆಹಲಿ. ಪೀತಮ್‌ಪುರದ ಆ ಮನೆಯಲ್ಲಿ ಮಗ ಸೊಸೆ ಬೆಳಿಗ್ಗೆ ಗುರುಗ್ರಾಮದ ಕಡೆ ಕೆಲಸಕ್ಕೆ ಹೋದರೆ ಉಳಿಯುವವರು ಅವರು, ಪದ್ಮಮ್ಮ, ಶಾಲೆಯಿಂದ ಮಧ್ಯಾಹ್ನ ಬರುವ ಮೊಮ್ಮಗಳು ಅದಿತಿ. ದಿನವೂ ಹತ್ತರಿಂದ ಹನ್ನೆರಡು ಮೂರ್ತಿಗಳು ಪಾವಗಡದ ನೆನಪುಗಳನ್ನು ಟೈಪ್ ಮಾಡುತ್ತಿದ್ದರು. ಕಚೇರಿಗೆ ಹೋಗುವಂತೆ ಇಸ್ತ್ರಿ ಅಂಗಿ ತೊಟ್ಟು. ಬರೆದದ್ದನ್ನು ಯಾರಿಗೂ ತೋರಿಸುತ್ತಿರಲಿಲ್ಲ, ಹೆಂಡತಿಗೂ.

“ಡ್ರಾಫ್ಟ್ ಅಪ್ರೂವ್ ಆಗೋವರೆಗೆ ಸೆಕ್ಷನ್ನಿಂದ ಹೊರಗೆ ಹೋಗಬಾರದು,” ಎಂದರು ಮೊದಲ ದಿನವೇ. “ಕರಡು ಅಂದ್ರೆ ಅರ್ಧ ಬಟ್ಟೆ ಹಾಕ್ಕೊಂಡ ಮನುಷ್ಯ. ಬಾಗಿಲು ತಟ್ಟದೆ ನುಗ್ಗಬಾರದು.”

“ಅಪ್ರೂವ್ ಮಾಡೋರು ಯಾರು ಸರ್?”

“ಅದೂ ನಾನೇ. ಅದಕ್ಕೇ ತಡವಾಗ್ತಿರೋದು.”

ನನಗೆ ಅವರು ಹಿಡಿಸಿದರು. ಮನೆಯೂ ಹಿಡಿಸಿತು. ಬಾಗಿಲು ತೆರೆದ ಕೂಡಲೇ ಇಂಗಿನ ಒಗ್ಗರಣೆಯ ವಾಸನೆ. ಯಾರೂ ನನ್ನ ಹಿಂದಿಯ ಲಿಂಗ ತಿದ್ದುತ್ತಿರಲಿಲ್ಲ. ಪದ್ಮಮ್ಮ ತಮ್ಮ ತಾಯಿಯ ಹೆಸರು ಕೊರೆದಿದ್ದ ಸ್ಟೀಲ್ ತಟ್ಟೆಯಲ್ಲಿ ನನಗೆ ಊಟ ಬಡಿಸಿದರು. ಎರಡನೆಯ ಸಲಕ್ಕೆ ಅದು ನನ್ನ ತಟ್ಟೆಯಾಗಿತ್ತು. ಮೆಟ್ರೊದಲ್ಲಿ ಒಂದು ಗಂಟೆಗೂ ಹೆಚ್ಚಿನ ದಾರಿ. ಭಾನುವಾರಗಳಂದು ಕಾರಣ ಹುಡುಕಿಕೊಂಡು ಹೋಗತೊಡಗಿದೆ.

ಕಂಪ್ಯೂಟರಿನ ಕೆಲಸ ಮಾಡಿದ್ದು ದಸರೆಯ ಆಸುಪಾಸಿನ ಒಂದು ಭಾನುವಾರ. ಅದು ಹಳೆಯ ಯಂತ್ರ. ಎಲ್ಲ ಅಳಿಸಿ ಲಿನಕ್ಸ್ ಹಾಕುವುದು, ಆ ಕೆಂಪು ಬೆದರಿಕೆಗಳನ್ನು ಬೇರುಸಹಿತ ಕೀಳುವುದು ನನ್ನ ಯೋಜನೆ. ಮೊದಲು ಅವರ ಕಡತಗಳನ್ನು ನನ್ನ ಡಿಸ್ಕಿಗೆ ನಕಲು ಮಾಡಿಕೊಂಡೆ. ನೂರಾ ಹನ್ನೊಂದು. ಹೊಸ ವ್ಯವಸ್ಥೆ ಹಾಕಿದ ಮೇಲೆ ಮತ್ತೆ ಎಣಿಸಿದೆ. ನೂರಾ ಹನ್ನೊಂದು. ಒಂದನ್ನೂ ತೆರೆದು ನೋಡಲಿಲ್ಲ. ಇನ್ನೊಬ್ಬರ ಕಾಗದ ಬಿಚ್ಚಬಾರದು ಎಂದು ಬೆಳೆದವಳು ನಾನು, ಮೇಲಾಗಿ ಕರಡಿನ ಕುರಿತು ಅವರು ಹೇಳಿದ್ದು ನೆನಪಿತ್ತು. ಅವರಿಗೆ ಅಭ್ಯಾಸವಿದ್ದ ಕೀಲಿಮಣೆಯ ವಿನ್ಯಾಸವನ್ನೇ ಹುಡುಕಿ ಕೂರಿಸಿದೆ. ಹೊಸ ಪುಟದಲ್ಲಿ ‘ಪಾವಗಡ’ ಎಂದು ಒತ್ತಿದೆ. ಕನ್ನಡ ಮುದ್ದಾಗಿ ಮೂಡಿತು. ಅಕ್ಷರ ದೊಡ್ಡದು ಮಾಡುವುದು ಹೇಗೆ, ಬೇಡದ್ದನ್ನು ಕಸದ ಬುಟ್ಟಿಗೆ ಹಾಕುವುದು ಹೇಗೆ, ಬುಟ್ಟಿ ಖಾಲಿ ಮಾಡುವುದು ಹೇಗೆ, ಎಲ್ಲ ಅವರ ಕೈಯಿಂದಲೇ ಮಾಡಿಸಿದೆ. ಅವರು ಹಾಳೆಯ ಮೇಲೆ ಒಂದು, ಎರಡು, ಮೂರು ಎಂದು ಬರೆದುಕೊಂಡರು.

“ನನ್ನದೆಲ್ಲ ಬಂತಾ?”

“ಒಂದಕ್ಷರವೂ ಬದಲಾಗಿಲ್ಲ ಸರ್.”

“ನೋಡಿದೆಯಾ?”

ಆ ಪ್ರಶ್ನೆಯಲ್ಲಿ ಗದರಿಕೆ ಇರಲಿಲ್ಲ, ಆಸೆ ಇತ್ತು. ನೋಡಬಾರದೆಂದು ಹೇಳಿದ ಮನುಷ್ಯನಿಗೆ ಒಬ್ಬರಾದರೂ ಕದ್ದು ನೋಡಿರಲಿ ಎಂಬ ಆಸೆ. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

“ಅಲ್ಲಲ್ಲಿ ಕಣ್ಣಾಡಿಸಿದೆ ಸರ್. ಬಹಳ ಚೆನ್ನಾಗಿದೆ.”

ನನ್ನ ನೆನಪಿನಲ್ಲಿ ನಾನು ಹೇಳಿದ್ದು ಇಷ್ಟೇ. ಪದ್ಮಮ್ಮನ ನೆನಪು ಬೇರೆ. “ಓದ್ತಾ ಓದ್ತಾ ಕಣ್ಣಲ್ಲಿ ನೀರು ಬಂತು ಅಂದೆಯಲ್ಲಮ್ಮ ನೀನು,” ಎಂದು ಅವರು ಆಮೇಲೆ ಹೇಳಿದರು. ನಾನು ಹಾಗೆ ಹೇಳಿರಲಾರೆ. ಆದರೆ ಅವರು ಸುಳ್ಳು ಹೇಳುವವರಲ್ಲ.

ಆ ಚಳಿಗಾಲ ಬೇಗ ಬಂತು. ದೀಪಾವಳಿಯಾದ ಮೇಲೆ ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತು, ಸೂರ್ಯ ಮಾಸಿದ ನಾಣ್ಯದಂತೆ ನೇತಾಡಿದ. ಗಂಟಲು ಕೆರೆಯುತ್ತಿತ್ತು, ತಾರಸಿಯ ಕೋಣೆಯ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೂರುತ್ತಿದ್ದೆ. ಗುತ್ತಿಗೆ ನವೀಕರಣದ ಮೊದಲು ಮುಗಿಸಬೇಕಾದ ಕೆಲಸವೂ ತಲೆಯ ಮೇಲಿತ್ತು. ಪೀತಮ್‌ಪುರಕ್ಕೆ ಹೋಗಲಿಲ್ಲ. ಪದ್ಮಮ್ಮ ಫೋನ್ ಮಾಡಿದರು.

“ಅವರು ಕಂಪ್ಯೂಟರ್ ಮುಂದೆ ಕೂರ್ತಿಲ್ಲಮ್ಮ. ನಿನ್ನ ಹೊಸದು ಅವರಿಗೆ ಹಿಡಿಸಿಲ್ವೇನೋ.”

“ಮೊದಮೊದಲು ಹಾಗೇ ಆಂಟಿ. ಅಭ್ಯಾಸ ಆಗುತ್ತೆ.”

ಎರಡನೆಯ ಸಲವೂ ಫೋನ್ ಮಾಡಿದರು. ಇಸ್ತ್ರಿ ಅಂಗಿ ತೊಡುವುದನ್ನು ಬಿಟ್ಟಿದ್ದಾರೆ ಎಂದರು. ಸ್ನಾನಕ್ಕೆ ಎಬ್ಬಿಸಬೇಕು ಎಂದರು. ನಾನು ಅದೇ ಉತ್ತರ ಕೊಟ್ಟೆ. ಮೂರನೆಯ ಸಲ ಫೋನ್ ಬಂದಿತೇ, ನಾನು ಎತ್ತಲಿಲ್ಲವೇ ಎಂಬುದನ್ನು ಪರೀಕ್ಷಿಸಲು ಹಳೆಯ ಕರೆಗಳ ಪಟ್ಟಿ ನನ್ನ ಫೋನಿನಲ್ಲಿಲ್ಲ. ಇದ್ದಿದ್ದರೂ ನೋಡುತ್ತಿದ್ದೆನೋ ಇಲ್ಲವೋ.

ಹೋದದ್ದು ಜನವರಿಯಲ್ಲಿ. ಮೂರ್ತಿಗಳು ಬಾಲ್ಕನಿಯ ತೆಳು ಬಿಸಿಲಿನಲ್ಲಿ ಮಂಕಿ ಟೋಪಿ, ಶಾಲು ಹೊದ್ದು ಕಡಲೆಕಾಯಿ ಸುಲಿಯುತ್ತಿದ್ದರು. ಸುಲಿದದ್ದನ್ನು ತಿನ್ನುತ್ತಿರಲಿಲ್ಲ, ಬೀಜ ಒಂದು ಬಟ್ಟಲಿಗೆ, ಸಿಪ್ಪೆ ಒಂದು ಬಟ್ಟಲಿಗೆ.

“ಬಾಮ್ಮ, ಕೂತ್ಕೊ.”

“ಬರೀತಿಲ್ವಂತೆ ಸರ್?”

“ಫೈಲ್ ಕ್ಲೋಸ್ ಆಯ್ತು,” ಎಂದರು, ಹವಾಮಾನ ಹೇಳುವಂತೆ.

ಒಳಗೆ ಹೋಗಿ ಕಂಪ್ಯೂಟರ್ ಹಚ್ಚಿದೆ. ಅವರ ಬರಹಗಳಿದ್ದ ಜಾಗ ಖಾಲಿ. ಕಸದ ಬುಟ್ಟಿ ಖಾಲಿ. ಅದಿತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹನ್ನೊಂದನೆಯ ಕ್ಲಾಸಿನ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಓದಲು ಬಾರದು.

“ಯಾರು ಅಳಿಸಿದ್ದು ಅದಿತಿ?”

“ಅಜ್ಜ. ದೀದಿ, ನಂಗೆ ಪ್ರಾಮಿಸ್ ಮಾಡಿಸ್ಕೊಂಡಿದಾರೆ. ಕಿಸೀ ಕೋ ಮತ್ ಬತಾನಾ, ಯಾರ್ಗೂ ಹೇಳ್ಬೇಡ ಅಂದ್ರು.”

“ನನಗೆ ಹೇಳು.”

ಅವಳು ಒಳಗೆ ಬಂದು ಬಾಗಿಲು ಮುಚ್ಚಿದಳು. “ನೀವು ಹಾಕಿ ಹೋದ್ರಲ್ಲ, ನೆಕ್ಸ್ಟ್ ಡೇ. ಅಜ್ಜ ಫೈಲ್ ಓಪನ್ ಮಾಡಿದ್ರು. ಅಜೀಬ್ ಸಾ ಥಾ, ಏನೋ ವಿಚಿತ್ರ. ಇಂಗ್ಲಿಷ್ ಲೆಟರ್ಸೇ, ಬಟ್ ಅವುಗಳ ಮೇಲೆ ಟೋಪಿ, ಕೊಂಬು, ಚುಕ್ಕಿ. ಒಂದೊಂದೇ ಓಪನ್ ಮಾಡ್ತಾ ಹೋದ್ರು. ಸಬ್ ವೈಸೇ ಹೀ, ಎಲ್ಲಾ ಹಾಗೇ. ತುಂಬಾ ಹೊತ್ತು ಕೂತಿದ್ರು. ಆಮೇಲೆ ಕೇಳಿದ್ರು, ಪುಟ್ಟಿ, ಇದು ನಿಂಗೆ ಹೇಗೆ ಕಾಣುತ್ತೆ ಅಂತ. ನಾನು... ಅಜ್ಜ, ಯೇ ತೋ ಗಾರ್ಬೇಜ್ ಹೈ, ಬರೀ ಕಸ ಅಂದೆ.”

ಅವಳು ಪರದೆಯ ಕಡೆ ಬೆರಳು ತೋರಿಸಿದಳು. “ದೀದಿ, ನಾನು ಫೈಲ್ ಬಗ್ಗೆ ಹೇಳಿದ್ದು. ಅಜ್ಜನ ಬಗ್ಗೆ ಅಲ್ಲ.”

ನನಗೆ ತಿಳಿದುಹೋಯಿತು. ಹಳೆಯ ಕಂಪ್ಯೂಟರುಗಳಲ್ಲಿ ಕನ್ನಡ ಟೈಪ್ ಮಾಡುತ್ತಿದ್ದವರೆಲ್ಲ ಒಂದು ಉಪಾಯದ ಮೇಲೆ ಬದುಕುತ್ತಿದ್ದರು. ಯಂತ್ರದ ಹೊಟ್ಟೆಯಲ್ಲಿ ಇರುತ್ತಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳೇ. ಅವುಗಳ ಮೇಲೆ ಕನ್ನಡದ ರೂಪ ತೊಡಿಸುವ ಫಾಂಟ್ ಒಂದಿರುತ್ತಿತ್ತು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಹುಚ್ಚು. ಹೊಸ ರೀತಿಯ ಕನ್ನಡಕ್ಕೆ ಅದು ಬೇಕಿಲ್ಲವಾದ್ದರಿಂದ ನಾನು ಒತ್ತಿ ನೋಡಿದ ‘ಪಾವಗಡ’ ಸರಿಯಾಗಿಯೇ ಮೂಡಿತ್ತು. ಮೂರ್ತಿಗಳು ಎರಡು ವರ್ಷ ಬರೆದದ್ದೆಲ್ಲ ಹಳೆಯ ರೀತಿಯದು. ನೂರಾ ಹನ್ನೊಂದು ಕಡತಗಳನ್ನು ಎಣಿಸಿ ತಂದವಳು ಆ ಒಂದು ಫಾಂಟನ್ನು ತರಲಿಲ್ಲ. ಒಂದೇ ಒಂದು ಕಡತವನ್ನು ತೆರೆದಿದ್ದರೂ ಕಾಣುತ್ತಿತ್ತು.

ಬಾಲ್ಕನಿಗೆ ಓಡಿದೆ. ತಪ್ಪು ನನ್ನದು, ನಿಮ್ಮ ಬರಹ ಸರಿಯಾಗಿಯೇ ಇದೆ ಎಂದೆ. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಎರಡು ವರ್ಷ ಕುಟ್ಟಿದ್ದಮ್ಮ ಅದನ್ನ. ಕುಟ್ಟುವಾಗ ನನ್ನ ಕಣ್ಣಿಗೆ ಕನ್ನಡವಾಗೇ ಕಾಣ್ತಿತ್ತು. ಅದೇ ಈ ಕಾಯಿಲೆ. ಪೇಪರ್ ಓದ್ತೀನಿ, ಅದು ಕನ್ನಡ. ನಾನು ಬರೆದದ್ದು ಮಾತ್ರ ಅದು. ಅಂದ್ರೆ ಬರೆಯುವಾಗಲೇ ಹೋಗಿತ್ತು. ನಿನ್ನ ಹೊಸ ವ್ಯವಸ್ಥೆ ಇದ್ದದ್ದನ್ನ ಇದ್ದ ಹಾಗೆ ತೋರಿಸ್ತು, ಅಷ್ಟೇ.”

“ಅದು ಅಕ್ಷರದ ತೊಂದರೆ ಸರ್...”

“ಒಂದಕ್ಷರವೂ ಬದಲಾಗಿಲ್ಲ ಅಂದೋಳು ನೀನೇ.”

“ಹೌದು, ಆದ್ರೆ...”

“ಕಣ್ಣಾಡಿಸಿದೆ, ಚೆನ್ನಾಗಿದೆ ಅಂತಲೂ ಅಂದೆ.” ಈಗ ನನ್ನ ಕಡೆ ನೋಡಿ ನಕ್ಕರು. “ನಿನ್ನ ಮೇಲೆ ಬೇಜಾರಿಲ್ಲ. ನಾನೂ ಎಷ್ಟೋ ಮಂತ್ರಿಗಳ ಭಾಷಣ ಹಾಗೇ ಹೊಗಳಿದೀನಿ. ಮಗು ನೋಡಿದ್ರೆ ಮಗು ನಿಜ ಹೇಳ್ತು. ಮನೆಗೆ ಬಂದೋರು ಯಾರಾದ್ರೂ ನೋಡಿಬಿಟ್ರೆ ಪದ್ಮಂಗೆ ಅವಮಾನ. ತೆಗೆದುಹಾಕಿದೆ.”

ಮೂರು ತಿಂಗಳು ಅವರು ಇದನ್ನು ಒಬ್ಬರೇ ಹೊತ್ತಿದ್ದರು. ಓದದೆ ಹೊಗಳಿದ ನಾನು ಅಷ್ಟು ದಿನವೂ ಅವರ ಕಣ್ಣಿನಲ್ಲಿ ಸುಳ್ಳುಗಾರ್ತಿಯಾಗಿ ನಿಂತಿದ್ದೆ.

ಭಾಗ್ಯವೋ ಏನೋ, ನನ್ನ ಡಿಸ್ಕಿನಲ್ಲಿ ನಕಲು ಉಳಿದಿತ್ತು. ಮುಂದಿನ ಭಾನುವಾರ ತೆಗೆದುಕೊಂಡು ಹೋದೆ. ಫಾಂಟ್ ಕೂರಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಎಷ್ಟು ಸಣ್ಣ ಕೆಲಸ ಎಂಬುದು ಕುಳಿತಲ್ಲೇ ಚುಚ್ಚುತ್ತಿತ್ತು. ಪದ್ಮಮ್ಮ ಅವರಿಗೆ ಇಸ್ತ್ರಿ ಅಂಗಿ ತೊಡಿಸಿ ಕರೆತಂದು ಕೂರಿಸಿದರು, ತಾವು ಹಿಂದೆ ನಿಂತರು. ಅದಿತಿಯೂ ಬಂದಳು. ಮೊದಲ ಕಡತ ತೆರೆದೆ. ಅಷ್ಟೂ ಕನ್ನಡ.

ಮೂರ್ತಿಗಳು ಗಾಜಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು. ಶಾಲೆಯ ಹಿಂದೊಂದು ಬಂಡೆ. ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಮೇಲೆ ಬರಿಗಾಲಲ್ಲಿ ಯಾರು ಹೆಚ್ಚು ಹೊತ್ತು ನಿಲ್ಲುತ್ತಾರೆಂದು ಹುಡುಗರ ಪಂಥ. ತಾಲ್ಲೂಕು ಕಚೇರಿಯ ಮುಂದೆ ಮರದ ಕೆಳಗೆ ಕುಳಿತು ಅರ್ಜಿ ಬರೆಯುತ್ತಿದ್ದ ತಂದೆ. ಓದು ಬಾರದವರು ಹೇಳಿದ್ದನ್ನು ಬರೆದು ಅವರಿಗೇ ಓದಿ ಹೇಳುತ್ತಿದ್ದರು. ಕೇಳಿದವರು, ‘ನಾ ಹೇಳಿದ್ದಕ್ಕಿಂತ ಚೆನ್ನಾಗಿದೆ ಸ್ವಾಮಿ’ ಎಂದು ಹೆಬ್ಬೆಟ್ಟು ಒತ್ತುತ್ತಿದ್ದರು. ವಾಕ್ಯಗಳು ಗಿಡ್ಡ, ಒಣ, ನಿಖರ. ಅವು ನಿಜಕ್ಕೂ ಚೆನ್ನಾಗಿದ್ದವು. ಪದ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

“ಚೆನ್ನಾಗಿದೆ,” ಎಂದರು ಮೂರ್ತಿಗಳು. “ಯಾರದು ಇದು?”

“ನಿಮ್ಮದೇ ಸರ್. ನೀವು ಬರೆದದ್ದು.”

ಕೆಳಗಿನವರ ಹೊಗಳಿಕೆಗೆ ಮೇಲಿನವರು ನಗುವ ಹಾಗೆ ನಕ್ಕರು. “ನನ್ನದು ನಾನು ನೋಡಿದೀನಮ್ಮ.”

ಫಾಂಟ್ ತೆಗೆದು ತೋರಿಸಿದೆ. ಪರದೆಯ ಮೇಲೆ ಅದೇ ಟೋಪಿ, ಕೊಂಬು. ಮತ್ತೆ ಹಾಕಿದೆ, ಕನ್ನಡ. ತೆಗೆದೆ, ಹಾಕಿದೆ. ನೋಡಿ ಸರ್, ಅದೇ ಕಡತ, ಅದೇ ಅಕ್ಷರ ಎಂದೆ. ಅವರು ಗಮನವಿಟ್ಟು ಎರಡು ಸಲ ನೋಡಿದರು.

“ಅಂದ್ರೆ ನೀನು ಯಾವ ಕಸವನ್ನಾದ್ರೂ ಹೀಗೆ ಕನ್ನಡ ಮಾಡಬಹುದು.”

“ಇಲ್ಲ ಸರ್!”

“ಈಗ ಮಾಡಿದೆಯಲ್ಲ.”

ಆಗ ಹೇಳಬೇಕಾದದ್ದನ್ನು ಹೇಳಿದೆ. ಅವತ್ತು ನಾನು ಒಂದು ಸಾಲೂ ಓದಿರಲಿಲ್ಲ, ನಿಮಗೆ ಸಂತೋಷವಾಗಲೆಂದು ಸುಳ್ಳು ಹೇಳಿದೆ ಎಂದೆ. ಹಿಂದೆ ಪದ್ಮಮ್ಮ ಉಸಿರೆಳೆದುಕೊಂಡದ್ದು ಕೇಳಿಸಿತು. ಮೂರ್ತಿಗಳು ಕೋಪಿಸಿಕೊಳ್ಳಲಿಲ್ಲ. ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡುವವರಂತೆ ಪರದೆಯನ್ನೂ ನನ್ನನ್ನೂ ನೋಡಿದರು.

“ನನಗೆ ಸಂತೋಷ ಆಗಲಿ ಅಂತ ಅವತ್ತು ಸುಳ್ಳು ಹೇಳಿದೆ. ಇವತ್ತು ಯಾತಕ್ಕೆ ಹೇಳ್ತಿದೀಯ?”

ನಾನು ಎರಡನೆಯ ಕಡತ ತೆರೆದೆ.

“ಪಾಪ, ಕಷ್ಟಪಟ್ಟಿದೀಯ,” ಎಂದರು. “ಪದ್ಮನ್ನ ಕೇಳಿ ಬರೆದಿರ್ತೀಯ. ಅವಳಿಗೆ ಕೆಲವು ಗೊತ್ತು. ಇರಲಿ. ಡ್ರಾಫ್ಟ್ ಚೆನ್ನಾಗಿದೆ. ಪ್ರಿಂಟ್ ತೆಗೆಸು, ನೋಡಿಕೊಡ್ತೀನಿ.”

ಅವತ್ತಿನಿಂದ ಅದು ನನ್ನ ಕರಡು. ಹಳೆಯ ವ್ಯವಸ್ಥೆಯನ್ನೇ ವಾಪಸ್ಸು ಹಾಕಿಕೊಡಲೇ ಎಂದು ಪದ್ಮಮ್ಮನನ್ನು ಕೇಳಿದೆ. “ಇನ್ನು ಯಾರಿಗೆ?” ಎಂದರು. ಅಡುಗೆಮನೆಯಲ್ಲಿ ನನ್ನ ತಟ್ಟೆ ಇನ್ನೂ ಇತ್ತು. ಬಡಿಸುವಾಗ ಅವರು ಮೊದಲಿನಂತೆ ಎದುರು ಕೂರುತ್ತಿರಲಿಲ್ಲ. ಬೇರೆ ಯಾರ ಕಂಪ್ಯೂಟರಿಗೂ ನಾನು ಆಮೇಲೆ ಕೈ ಹಚ್ಚಿಲ್ಲ.

ಮೂರ್ತಿಗಳು ಕೆಂಪು ಪೆನ್ನು ಹಿಡಿದು ತಮ್ಮದೇ ಪುಟಗಳನ್ನು ನನ್ನದೆಂದು ತಿದ್ದಿದರು. ಅಂಚಿನಲ್ಲಿ ‘ಚರ್ಚಿಸಿ’, ‘ಪರಿಶೀಲಿಸಿ’. ಕೊನೆಯ ಕಡತ, ತಂದೆ ಒಂದು ದಿನ ಪೆನ್ನಿನ ಮುಚ್ಚಳ ಹಾಕಿ ಎದ್ದರು ಎಂಬಲ್ಲಿಗೆ ನಿಂತಿತ್ತು. ಅದರ ಮರುದಿನವೇ ನಾನು ಯಂತ್ರವನ್ನು ಅಳಿಸಿದ್ದು. “ಮುಂದೆ?” ಎಂದರು. ನನಗೆ ಗೊತ್ತಿಲ್ಲ ಎಂದೆ. “ನಿನಗೆ ಗೊತ್ತಿಲ್ಲದೆ ಯಾರಿಗೆ ಗೊತ್ತು? ಮುಂದಿನದು ಪುಟ್ ಅಪ್ ಮಾಡು.” ಸರಕಾರದ ಭಾಷೆಯಲ್ಲಿ ಹಾಗೆಂದರೆ ಬರೆದು ಮೇಲಿನವರ ಮೇಜಿಗೆ ಇಡುವುದು. ಪದ್ಮಮ್ಮನಿಗೂ ಮುಂದಿನದು ಗೊತ್ತಿರಲಿಲ್ಲ. ಮದುವೆಗೆ ಮೊದಲಿನ ಮಾತು ಅದು. ಗೊತ್ತಿದ್ದವರು ಒಬ್ಬರೇ, ಅವರು ನನ್ನನ್ನು ಕೇಳುತ್ತಿದ್ದರು.

ಒಂದು ಪುಟ ಬರೆದು ಇಟ್ಟೆ. ಪಾವಗಡವನ್ನು ನಾನು ನೋಡಿಯೇ ಇಲ್ಲ. ತಂದೆ ಎದ್ದು ಹೋದದ್ದು ಹುಣಸೆಮರದ ಕೆಳಗಿನಿಂದ ಎಂದು ಸುಮ್ಮನೆ ಬರೆದಿದ್ದೆ. ಮೂರ್ತಿಗಳು ‘ಹುಣಸೆ’ ಹೊಡೆದುಹಾಕಿ ಮೇಲೆ ‘ಬೇವು’ ಎಂದು ಬರೆದರು. ನನಗೆ ಕುಣಿಯುವಂತಾಯಿತು. ತಪ್ಪು ಬರೆದರೆ ಸರಿ ಹೊರಗೆ ಬರುತ್ತದೆ! ಅಡುಗೆಮನೆಗೆ ಹೋಗಿ ಪದ್ಮಮ್ಮನಿಗೆ ತೋರಿಸಿದೆ. ಮುಂದಿನ ವಾರ ಅದೇ ಪುಟವನ್ನು ಬೇವು ಎಂದು ತಿದ್ದಿ ಇಟ್ಟೆ. ಅವರು ‘ಬೇವು’ ಹೊಡೆದುಹಾಕಿ ‘ಹುಣಸೆ’ ಎಂದು ಬರೆದರು. ಅಷ್ಟೇ ದೃಢವಾದ ಅಕ್ಷರ.

ಈಗ ಬೇಸಗೆ. ತಿದ್ದುವುದೂ ನಿಂತಿದೆ, ಪುಟದ ಮೂಲೆಯಲ್ಲಿ ಸಣ್ಣ ಸಹಿ ಮಾತ್ರ ಹಾಕುತ್ತಾರೆ, ಕೆಲವೊಮ್ಮೆ ಖಾಲಿ ಹಾಳೆಗೂ. ಕಳೆದ ಭಾನುವಾರ ನನ್ನ ಕೈ ಹಿಡಿದು ಕೇಳಿದರು:

“ನಿಮ್ಮ ತಂದೆ ಹೇಗಿದ್ದಾರಮ್ಮ? ಇನ್ನೂ ಅರ್ಜಿ ಬರೀತಾರಾ?”

ನನ್ನ ಅಪ್ಪ ಹತ್ತಿ ಗಿರಣಿಯಲ್ಲಿ ತೂಕ ಮಾಡುತ್ತಿದ್ದ. ಸತ್ತು ಎಷ್ಟೋ ವರ್ಷವಾಯಿತು. ಪದ್ಮಮ್ಮ ಬಾಗಿಲಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಬರೀತಾರೆ ಸರ್,” ಎಂದೆ.

“ಒಳ್ಳೇದು. ಬಿಡಬೇಡಿ ಅಂತ ಹೇಳು.”

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ರಾಣೆಬೆನ್ನೂರಿನ ಬಿಸಿಲಿನ ಮಾತು ಬಂತು. ಇದೇನು ಬಿಸಿಲು, ನಮ್ಮ ಶಾಲೆಯ ಹಿಂದಿನ ಬಂಡೆಯ ಮೇಲೆ ಬರಿಗಾಲಲ್ಲಿ ನಿಲ್ಲುತ್ತಿದ್ದೆವಲ್ಲ, ಅದಕ್ಕಿಂತಲೂ ಹೆಚ್ಚೇ ಎಂದು ಕೇಳಿದೆ.

“ಯಾವ ಬಂಡೆಗಲ್ಲ?” ಎಂದಳು ಅಕ್ಕ. “ನಮ್ಮ ಸಾಲಿ ಹಿಂದ ಗಿರಣಿ ಗ್ವಾಡಿ ಇತ್ತಲ್ಲೇ. ತಲಿಗಿಲಿ ಕೆಟ್ಟೈತೇನ ನಿಂದು?”

ಗೋಡೆ ಇತ್ತು, ಹೌದು. ಅದರಾಚೆ ಅಪ್ಪ ತೂಕ ಮಾಡುತ್ತಿದ್ದ. ಅಷ್ಟು ಗೊತ್ತಿದ್ದೂ ನಾನು ಸುಮ್ಮನಾಗಲಿಲ್ಲ. ಬಂಡೆ ಇತ್ತು, ನೀನೇ ಮರೆತಿದ್ದೀ ಅಕ್ಕಾ ಎಂದು ಅವಳೊಡನೆ ಬಹಳ ಹೊತ್ತು ವಾದಿಸಿದೆ.